ಮೊದಲ ಓಟ: ಉಸಿರಿನ ಅವಸರ, ಎಲುಬಿನ ನಿಧಾನ

ಬೆಳಗಿನ ಆರು ಗಂಟೆ. ತಾಲ್ಲೂಕು ಕ್ರೀಡಾಂಗಣದ ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಆರಿಲ್ಲ. ಒಂದು ಮೂಲೆಯಲ್ಲಿ ಪೊಲೀಸ್ ನೇಮಕಾತಿಗೆ ತಯಾರಾಗುತ್ತಿರುವ ಹುಡುಗರು ಲಾಂಗ್ ಜಂಪ್ ಅಭ್ಯಾಸ ನಡೆಸಿದ್ದಾರೆ. ನಿವೃತ್ತರ ಗುಂಪೊಂದು ಮಫ್ಲರ್ ಸುತ್ತಿಕೊಂಡು ಮಾತಾಡುತ್ತಾ ಸುತ್ತು ಹಾಕುತ್ತಿದೆ. ಇವರ ನಡುವೆ, ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ಬೂಟು ತೊಟ್ಟ, ನಲವತ್ತು ದಾಟಿದ ಒಬ್ಬ ಗುಮಾಸ್ತರು. ಮೂರು ತಿಂಗಳು ಬಿಟ್ಟು ನಡೆಯಲಿರುವ 5 ಕಿಲೋಮೀಟರ್ ರಸ್ತೆ ಓಟಕ್ಕೆ ಅವರು ಹೆಸರು ಕೊಟ್ಟಿದ್ದಾರೆ. ಆಚೀಚೆ ನೋಡಿ, ಯಾರೂ ಗಮನಿಸುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಓಡತೊಡಗುತ್ತಾರೆ. ಅರ್ಧ ಸುತ್ತು ಮುಗಿಯುವ ಹೊತ್ತಿಗೆ ಏದುಸಿರು. ಕೈಗಳು ಮೊಣಕಾಲ ಮೇಲೆ, ಮುಖ ಕೆಂಪು. ‘ಇದು ನಮ್ಮಂಥವರಿಗಲ್ಲ’ ಎಂದುಕೊಂಡು ಅವರು ಮನೆಯ ಕಡೆ ಹೆಜ್ಜೆ ಹಾಕುತ್ತಾರೆ.

ಇಂಥವರು ಯಾವ ಊರಿನ ಮೈದಾನದಲ್ಲಾದರೂ ಸಿಗುತ್ತಾರೆ. ಮೊದಲ ದಿನವೇ ಮನೆಗೆ ಮರಳಿ, ಬೂಟನ್ನು ಮಂಚದ ಕೆಳಗೆ ತಳ್ಳುವವರು ಕೆಲವರು. ಹಟ ಹಿಡಿದು ಮುಂದುವರಿದು, ಐದಾರು ವಾರಗಳ ನಂತರ ಕಾಲು ನೋವೆಂದು ಕುಂಟುತ್ತಾ ನಿಲ್ಲಿಸುವವರು ಮತ್ತೆ ಕೆಲವರು. ಈ ಎರಡೂ ಸೋಲುಗಳಿಗೆ ಮನೋಬಲದ ಕೊರತೆಯೇ ಕಾರಣವೆಂದು ಜನ ತಿಳಿಯುವುದುಂಟು. ಆದರೆ ದೇಹದ ಒಳಗೆ ಏನು ನಡೆಯುತ್ತದೆಂದು ನೋಡಿದರೆ ಎರಡಕ್ಕೂ ಒಂದೇ ಕಾರಣ ಕಾಣುತ್ತದೆ, ಅದು ಅವಸರ. ಹೆದ್ದಾರಿಯ ಫಲಕದಲ್ಲಿ ಬರೆದಿರುವ ‘ಅವಸರವೇ ಅಪಘಾತಕ್ಕೆ ಕಾರಣ’ ಎಂಬ ಮಾತು ಕಾಲಲ್ಲಿ ಓಡುವವರಿಗೂ ಅನ್ವಯಿಸುತ್ತದೆ.

ಮೊದಲ ಎರಡು ನಿಮಿಷ

ಗುಮಾಸ್ತರ ಮೊದಲ ದಿನದ ಏದುಸಿರಿಗೆ ವಯಸ್ಸೊಂದೇ ಕಾರಣವಲ್ಲ. ಸ್ನಾಯು ಕೆಲಸ ಮಾಡಲು ಬಳಸುವ ನೇರ ಇಂಧನ ಎಟಿಪಿ ಎಂಬ ರಾಸಾಯನಿಕ. ಇದರ ಸಂಗ್ರಹ ಎರಡು ಮೂರು ಸೆಕೆಂಡುಗಳ ಜೋರು ಓಟಕ್ಕಷ್ಟೇ ಸಾಕು. ಕ್ರಿಯಾಟಿನ್ ಫಾಸ್ಫೇಟ್ ಎಂಬ ಇನ್ನೊಂದು ಸಂಗ್ರಹ ಅದನ್ನು ಹತ್ತು ಸೆಕೆಂಡುಗಳವರೆಗೆ ಎಳೆಯುತ್ತದೆ. ಆಮೇಲೆ ಸಕ್ಕರೆಯನ್ನೋ ಕೊಬ್ಬನ್ನೋ ಆಮ್ಲಜನಕದ ನೆರವಿನಿಂದ ‘ಉರಿಸಿ’ ಎಟಿಪಿ ತಯಾರಿಸಬೇಕು. ತೊಂದರೆ ಇರುವುದು ಇಲ್ಲಿಯೇ. ಕಾಲು ತಕ್ಷಣ ಓಡಲು ಶುರುಮಾಡುತ್ತದೆ. ಆದರೆ ಹೃದಯ, ಶ್ವಾಸಕೋಶ ಮತ್ತು ರಕ್ತನಾಳಗಳು ಆಮ್ಲಜನಕದ ಸರಬರಾಜನ್ನು ಹೊಸ ಬೇಡಿಕೆಯ ಮಟ್ಟಕ್ಕೆ ಏರಿಸಲು ಎರಡು ಮೂರು ನಿಮಿಷ ಹಿಡಿಯುತ್ತದೆ.

ಈ ನಡುವಿನ ಕೊರತೆಯನ್ನು ದೇಹ ಸಾಲ ಮಾಡಿ ತೂಗಿಸುತ್ತದೆ. ಆಮ್ಲಜನಕವಿಲ್ಲದೆಯೇ ಗ್ಲೂಕೋಸನ್ನು ಅರ್ಧಂಬರ್ಧ ಒಡೆದು ಶಕ್ತಿ ಪಡೆಯುತ್ತದೆ, ಲ್ಯಾಕ್ಟೇಟ್ ಸಂಗ್ರಹವಾಗುತ್ತದೆ. ವೇಗ ಕಡಿಮೆಯಿದ್ದರೆ ಸಾಲ ಚಿಕ್ಕದು, ಎರಡು ಮೂರು ನಿಮಿಷಗಳಲ್ಲಿ ಸರಬರಾಜು ಬೇಡಿಕೆಗೆ ಸಮನಾಗುತ್ತದೆ, ಉಸಿರು ಒಂದು ಲಯಕ್ಕೆ ಬರುತ್ತದೆ. ವೇಗ ಹೆಚ್ಚಾದರೆ ಸಾಲ ಬೆಳೆಯುತ್ತಲೇ ಹೋಗಿ ಅರ್ಧ ಸುತ್ತಿಗೇ ವಸೂಲಿಗೆ ಬರುತ್ತದೆ. ಶಾಲೆಯ ಕ್ರೀಡಾಕೂಟದ ನೂರು ಮೀಟರ್ ಓಟ ಬಿಟ್ಟರೆ ಬೇರೆ ಓಟ ತಿಳಿಯದ ನಮ್ಮ ಗುಮಾಸ್ತರು, ಮೂವತ್ತು ವರ್ಷಗಳ ನಂತರವೂ ಅದೇ ವೇಗದಲ್ಲಿ ಹೊರಟರು. ಅವರು ಸೋತದ್ದು ದೂರಕ್ಕಲ್ಲ, ವೇಗಕ್ಕೆ.

ಹಾಗಾದರೆ ಸರಿಯಾದ ವೇಗ ಯಾವುದು? ಗಡಿಯಾರವಿಲ್ಲದೆಯೇ ಇದನ್ನು ಅಳೆಯಬಹುದು. ಓಡುತ್ತಾ ಪಕ್ಕದವರೊಡನೆ ಒಂದು ಪೂರ್ತಿ ವಾಕ್ಯ ಮಾತಾಡಲು ಸಾಧ್ಯವಾದರೆ ವೇಗ ಸರಿಯಾಗಿದೆ. ಎರಡು ಪದಕ್ಕೊಮ್ಮೆ ಉಸಿರು ತೆಗೆದುಕೊಳ್ಳುವಂತಾದರೆ ಹೆಚ್ಚಾಗಿದೆ. ಈ ಲೆಕ್ಕದಲ್ಲಿ ಬಹುಪಾಲು ಹೊಸಬರಿಗೆ ಒಗ್ಗುವ ವೇಗ ಎಷ್ಟು ನಿಧಾನವೆಂದರೆ, ಚುರುಕಾಗಿ ನಡೆಯುವ ನಿವೃತ್ತರು ಅವರನ್ನು ಹಿಂದೆ ಹಾಕಿದರೂ ಆಶ್ಚರ್ಯವಿಲ್ಲ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಆಕ್ಲೆಂಡಿನ ಅಜ್ಜ

ಈ ನಾಚಿಕೆಯನ್ನು ನುಂಗಿದವರಲ್ಲಿ ದೊಡ್ಡ ಹೆಸರೊಂದಿದೆ. ಅಮೆರಿಕದ ಆರೆಗನ್ ವಿಶ್ವವಿದ್ಯಾಲಯದ ಪ್ರಸಿದ್ಧ ಓಟದ ತರಬೇತುದಾರ ಬಿಲ್ ಬವರ್‌ಮನ್ 1962ರ ಕೊನೆಯಲ್ಲಿ ನ್ಯೂಜಿಲೆಂಡಿಗೆ ಹೋಗಿದ್ದರು. ಅಲ್ಲಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್ ಅವರ ಪ್ರೇರಣೆಯಿಂದ ಆಕ್ಲೆಂಡಿನಲ್ಲಿ ಅದೇ ವರ್ಷ ಸಾಮಾನ್ಯ ಜನರ ಜಾಗಿಂಗ್ ಕ್ಲಬ್ ಶುರುವಾಗಿತ್ತು. ಹೃದಯಾಘಾತದಿಂದ ಚೇತರಿಸಿಕೊಂಡ ಮಧ್ಯವಯಸ್ಕರೂ ಅದರಲ್ಲಿದ್ದರು. ಒಂದು ಭಾನುವಾರ ಬವರ್‌ಮನ್ ಅವರೊಡನೆ ಓಡಲು ಹೊರಟರು. ಆಗ ಅವರಿಗೆ 51 ವರ್ಷ. ಒಲಿಂಪಿಕ್ ಓಟಗಾರರನ್ನು ತಯಾರು ಮಾಡಿದವರು. ಆದರೆ ಸ್ವಲ್ಪ ದೂರದಲ್ಲೇ ಅವರ ಉಸಿರು ಕಟ್ಟತೊಡಗಿತು. ಎಪ್ಪತ್ತು ದಾಟಿದ್ದ, ಹೃದಯಾಘಾತ ಅನುಭವಿಸಿದ್ದ ವೃದ್ಧರೊಬ್ಬರು ಹಿಂದೆ ಬಂದು, ಅವರ ಜೊತೆಯಲ್ಲೇ ನಿಧಾನವಾಗಿ ಓಡಿ ಗುರಿ ಮುಟ್ಟಿಸಿದರು.

ಓಟ ಕಲಿಸುವವರಿಗೇ ಹೊಸ ಪಾಠವಾಯಿತು. ಊರಿಗೆ ಮರಳಿದ ಬವರ್‌ಮನ್ ಜನಸಾಮಾನ್ಯರಿಗೆ ನಿಧಾನ ಓಟ ಕಲಿಸತೊಡಗಿದರು. 1967ರಲ್ಲಿ ಹೃದ್ರೋಗ ತಜ್ಞ ಡಬ್ಲ್ಯು. ಇ. ಹ್ಯಾರಿಸ್ ಅವರೊಡನೆ ‘ಜಾಗಿಂಗ್’ ಎಂಬ ಪುಸ್ತಕ ಬರೆದರು. ಮರುವರ್ಷ, ಅಂದರೆ 1968ರಲ್ಲಿ, ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ ಅವರ ‘ಏರೋಬಿಕ್ಸ್’ ಪುಸ್ತಕ ಹೊರಬಂತು. ಅಲ್ಲಿಯವರೆಗೆ ಕ್ರೀಡಾಪಟುಗಳ ಸೊತ್ತಾಗಿದ್ದ ಓಟ, ಕಚೇರಿಗೆ ಹೋಗುವವರ ಮತ್ತು ಗೃಹಿಣಿಯರ ವ್ಯಾಯಾಮವಾಯಿತು.

ಒಂಬತ್ತು ವಾರದ ಲೆಕ್ಕ

ಹೊಸಬರಿಗಾಗಿ ರೂಪಿಸಿದ ಅಭ್ಯಾಸಕ್ರಮಗಳಲ್ಲಿ ಹೆಚ್ಚು ಪ್ರಚಾರ ಪಡೆದದ್ದು 1996ರಲ್ಲಿ ಅಮೆರಿಕದ ಜಾಶ್ ಕ್ಲಾರ್ಕ್ ಐವತ್ತು ದಾಟಿದ ತಮ್ಮ ತಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡು ತಯಾರಿಸಿದ ಒಂಬತ್ತು ವಾರದ ಪಟ್ಟಿ. ಮುಂದೆ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯೂ ಇದನ್ನು ಅಳವಡಿಸಿಕೊಂಡಿತು. ಇದರ ಗುಟ್ಟು ಬಹಳ ಸರಳ. ವಾರಕ್ಕೆ ಮೂರೇ ದಿನ ಅಭ್ಯಾಸ. ನಡುವೆ ಒಂದೊಂದು ದಿನ ಬಿಡುವು. ಮೊದಲ ವಾರ ಐದು ನಿಮಿಷ ಚುರುಕು ನಡಿಗೆ, ಆಮೇಲೆ 60 ಸೆಕೆಂಡು ಓಟ, 90 ಸೆಕೆಂಡು ನಡಿಗೆ. ಹೀಗೆ ಎಂಟು ಸಲ, ಒಟ್ಟು ಇಪ್ಪತ್ತು ನಿಮಿಷ. ಅದರಲ್ಲಿ ನಿಜವಾಗಿ ಓಡಿದ್ದು ಎಂಟೇ ನಿಮಿಷ!

ಎರಡನೆಯ ವಾರ ಓಟ 90 ಸೆಕೆಂಡಿಗೆ ಏರುತ್ತದೆ, ನಡಿಗೆ ಎರಡು ನಿಮಿಷಕ್ಕೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ ಐದನೆಯ ವಾರದ ಮೂರನೆಯ ದಿನ ನಡುವೆ ನಿಲ್ಲದೆ ಇಪ್ಪತ್ತು ನಿಮಿಷ ಓಡಬೇಕು. ಒಂಬತ್ತನೆಯ ವಾರ ಮೂವತ್ತು ನಿಮಿಷ. ನಡುವಿನ ನಡಿಗೆ ಸೋಮಾರಿಗಳಿಗೆ ಕೊಟ್ಟ ರಿಯಾಯಿತಿಯಲ್ಲ. ಹಿಂದೆ ಹೇಳಿದ ಆಮ್ಲಜನಕದ ಸಾಲ ಬೆಳೆಯುವ ಮೊದಲೇ ಕಂತು ಕಟ್ಟಿ ತೀರಿಸುವ ಉಪಾಯ ಅದು.

ಇಲ್ಲಿ ಒಂದು ಸಣ್ಣ ಗುಣಾಕಾರ ಮಾಡಿ ನೋಡುವುದು ಒಳ್ಳೆಯದು. ಮಾತಾಡುತ್ತಾ ಓಡುವ ನಮ್ಮ ಗುಮಾಸ್ತರಿಗೆ ಕಿಲೋಮೀಟರಿಗೆ ಎಂಟು ನಿಮಿಷ ಬೇಕೆನ್ನೋಣ. ಮೂವತ್ತು ನಿಮಿಷದಲ್ಲಿ ಅವರು ಕ್ರಮಿಸುವುದು 3.75 ಕಿ.ಮೀ. ಮಾತ್ರ, ಐದು ಕಿಲೋಮೀಟರಿಗೆ 40 ನಿಮಿಷ ಬೇಕು. ಆದ್ದರಿಂದ ಒಂಬತ್ತು ವಾರ ಎಲ್ಲರಿಗೂ ಸಾಲುವುದಿಲ್ಲ. ಓಟಕ್ಕೆ ಇನ್ನೂ ಹದಿಮೂರು ವಾರವಿದ್ದರೆ ಉಳಿದ ನಾಲ್ಕು ವಾರಗಳನ್ನು ಆಪದ್ಧನದಂತೆ ಇಟ್ಟುಕೊಳ್ಳಬೇಕು. ಜ್ವರ, ಮಳೆ, ನೆಂಟರ ಮದುವೆ, ಕಚೇರಿಯ ಆಡಿಟ್ ಇವೆಲ್ಲ ಬರುವುದು ಹೇಳಿ ಕೇಳಿ ಅಲ್ಲ. ಕಷ್ಟವೆನಿಸಿದ ವಾರವನ್ನು ಮತ್ತೊಮ್ಮೆ ಮಾಡಿದರೆ ನಷ್ಟವೇನೂ ಇಲ್ಲ.

ಐದನೆಯ ವಾರದ ಮೋಸ

ಮೂರು ನಾಲ್ಕು ವಾರ ಕಳೆಯುತ್ತಲೂ ಒಂದು ಸೋಜಿಗ ನಡೆಯುತ್ತದೆ. ಅರ್ಧ ಸುತ್ತಿಗೆ ಏದುತ್ತಿದ್ದವರು ಆರಾಮವಾಗಿ ಎರಡು ಸುತ್ತು ಓಡುತ್ತಾರೆ. ಇದು ಭ್ರಮೆಯಲ್ಲ. ಅಭ್ಯಾಸ ಶುರುವಾದ ಒಂದೆರಡು ವಾರಗಳಲ್ಲೇ ರಕ್ತದ ದ್ರವಭಾಗವಾದ ಪ್ಲಾಸ್ಮಾ ಹೆಚ್ಚುತ್ತದೆ. ಹೃದಯ ಪ್ರತಿ ಬಡಿತಕ್ಕೂ ಮೊದಲಿಗಿಂತ ಹೆಚ್ಚು ರಕ್ತ ಕಳಿಸಬಲ್ಲದು. ಆದ್ದರಿಂದ ಅದೇ ವೇಗಕ್ಕೆ ಕಡಿಮೆ ಬಡಿತ ಸಾಕು. ಸುಮ್ಮನೆ ಕುಳಿತಾಗ ನಿಮಿಷಕ್ಕೆ ಸುಮಾರು ಐದು ಲೀಟರ್ ರಕ್ತ ಸಾಗಿಸುವ ಈ ಪಂಪು, ಅಭ್ಯಾಸವಿಲ್ಲದವರಲ್ಲೂ ಗರಿಷ್ಠ ಶ್ರಮದಲ್ಲಿ ಇಪ್ಪತ್ತು ಲೀಟರಿನ ಹತ್ತಿರ ಹೋಗುತ್ತದೆ. ಅಭ್ಯಾಸ ಅದರ ದಕ್ಷತೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಸ್ನಾಯುಗಳಲ್ಲೂ ಬದಲಾವಣೆ ನಡೆದಿರುತ್ತದೆ. ಜೀವಕೋಶದೊಳಗೆ ಆಮ್ಲಜನಕ ಬಳಸಿ ಎಟಿಪಿ ತಯಾರಿಸುವ ಪುಟ್ಟ ಕಾರ್ಖಾನೆಗಳೇ ಮೈಟೋಕಾಂಡ್ರಿಯಾ. 1967ರಲ್ಲಿ ಅಮೆರಿಕದ ವಿಜ್ಞಾನಿ ಜಾನ್ ಹೊಲೊಸಿ ಕೆಲವು ಇಲಿಗಳನ್ನು ಚಲಿಸುವ ಪಟ್ಟಿಯ ಮೇಲೆ ವಾರಗಟ್ಟಲೆ ಓಡಿಸಿ, ಅವುಗಳ ಸ್ನಾಯುಗಳನ್ನು ಪರೀಕ್ಷಿಸಿದರು. ಮೈಟೋಕಾಂಡ್ರಿಯಾಗಳ ಸಾಮರ್ಥ್ಯ ಸುಮಾರು ಇಮ್ಮಡಿಯಾಗಿತ್ತು. ಮನುಷ್ಯನ ಸ್ನಾಯುಗಳೂ ಇದೇ ರೀತಿ ಕಲಿಯುತ್ತವೆ. ಅದಕ್ಕೆ ಬೇಕಾದದ್ದು ಕೆಲವು ವಾರಗಳು.

ಈಗ ಆರಂಭಶೂರತ್ವ ಎರಡನೆಯ ಸಲ ತಲೆ ಎತ್ತುತ್ತದೆ. ‘ಉಸಿರಿಗೆ ತೊಂದರೆಯಿಲ್ಲ, ಇನ್ನೇಕೆ ಈ ನಡಿಗೆ? ಬಿಡುವಿನ ದಿನವೇಕೆ?’ ಎಂದು ಗುಮಾಸ್ತರು ದಿನಾ ಓಡತೊಡಗುತ್ತಾರೆ, ದೂರ ಹೆಚ್ಚಿಸುತ್ತಾರೆ. ಒಂದು ಬೆಳಿಗ್ಗೆ ಕಣಕಾಲಿನ ಮುಂಭಾಗದ ಎಲುಬಿನ ಒಳಅಂಚಿನಲ್ಲಿ ನೋವು ಕಾಣಿಸಿಕೊಳ್ಳುತ್ತದೆ. ಉಸಿರು ಸಿದ್ಧವಾಗಿದೆ, ಕಾಲು ಸಿದ್ಧವಾಗಿಲ್ಲ.

ಎಲುಬಿನ ದುರಸ್ತಿ ಕಾಮಗಾರಿ

ನಡೆಯುವಾಗ ಒಂದಲ್ಲ ಒಂದು ಪಾದ ಸದಾ ನೆಲದ ಮೇಲಿರುತ್ತದೆ. ಓಡುವಾಗ ಹಾಗಲ್ಲ, ಪ್ರತಿ ಹೆಜ್ಜೆಗೂ ಒಂದು ಕ್ಷಣ ಇಡೀ ದೇಹ ಗಾಳಿಯಲ್ಲಿದ್ದು ಒಂದೇ ಕಾಲಿನ ಮೇಲೆ ಬೀಳುತ್ತದೆ. ಆಗ ನೆಲದಿಂದ ಬರುವ ಒತ್ತು ದೇಹದ ತೂಕದ ಎರಡರಿಂದ ಮೂರು ಪಟ್ಟು. 70 ಕಿಲೋ ತೂಕದವರಿಗೆ ಎರಡೂವರೆ ಪಟ್ಟು ಹಿಡಿದರೆ 175 ಕಿಲೋ ಆಯಿತು. ಹೆಜ್ಜೆಗೆ 80 ಸೆಂಟಿಮೀಟರಿನಂತೆ ಐದು ಕಿಲೋಮೀಟರಿಗೆ 6,250 ಹೆಜ್ಜೆ. ಒಂದೊಂದು ಕಾಲಿಗೆ 3,125. ಈ ಪೆಟ್ಟುಗಳನ್ನೆಲ್ಲ ಕೂಡಿಸಿದರೆ ಒಂದು ಕಾಲಿನ ಪಾಲು 500 ಟನ್ನನ್ನೂ ಮೀರುತ್ತದೆ!

ಎಲುಬು ಇದನ್ನು ತಾಳಿಕೊಳ್ಳಬಲ್ಲದು. ಅಷ್ಟೇ ಅಲ್ಲ, ಇದರಿಂದಲೇ ಗಟ್ಟಿಯಾಗುತ್ತದೆ. ಎಲುಬು ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನ ರಚನೆಯನ್ನು ಬದಲಿಸಿಕೊಳ್ಳುತ್ತದೆಂದು ಬರ್ಲಿನ್ನಿನ ಶಸ್ತ್ರವೈದ್ಯ ಜೂಲಿಯಸ್ ವುಲ್ಫ್ 1892ರಲ್ಲೇ ತೋರಿಸಿಕೊಟ್ಟಿದ್ದರು. ಆದರೆ ಆ ಬದಲಾವಣೆಯ ಕ್ರಮ ವಿಚಿತ್ರ. ಹಳೆಯ ಗೋಡೆಗೆ ಹೊಸ ಗಾರೆ ಹಾಕುವ ಮೊದಲು ಮೇಸ್ತ್ರಿ ಸಡಿಲವಾದ ಗಾರೆಯನ್ನು ಕೆರೆದು ತೆಗೆಯುವುದಿಲ್ಲವೇ? ಹಾಗೆಯೇ, ದಣಿದ ಎಲುಬನ್ನು ಮೊದಲು ಒಂದು ಜಾತಿಯ ಜೀವಕೋಶಗಳು ಕೊರೆದು ತೆಗೆಯುತ್ತವೆ. ಇದಕ್ಕೆ ಸುಮಾರು ಮೂರು ವಾರ. ಆಮೇಲೆ ಇನ್ನೊಂದು ಜಾತಿಯ ಕೋಶಗಳು ಹೊಸ ಎಲುಬನ್ನು ತುಂಬುತ್ತವೆ. ಇದಕ್ಕೆ ಸುಮಾರು ಮೂರು ತಿಂಗಳು. ಕೆರೆಯುವ ಕೆಲಸ ಬೇಗ, ತುಂಬುವ ಕೆಲಸ ನಿಧಾನ. ಆದ್ದರಿಂದ ಅಭ್ಯಾಸ ಶುರುವಾದ ಮೊದಲ ತಿಂಗಳ ಆಸುಪಾಸಿನಲ್ಲಿ, ಅಂದರೆ ಉಸಿರು ಹಗುರವಾಗಿ ಉತ್ಸಾಹ ಏರುವ ಹೊತ್ತಿಗೆ ಸರಿಯಾಗಿ, ಕಾಲಿನ ಎಲುಬು ಕೆಲವೆಡೆ ತಾತ್ಕಾಲಿಕವಾಗಿ ಮೊದಲಿಗಿಂತ ದುರ್ಬಲವಾಗಿರುತ್ತದೆ.

ಇದರ ಮೊದಲ ಸಾಕ್ಷಿ ಸಿಕ್ಕಿದ್ದು ಓಟಗಾರರಲ್ಲಲ್ಲ, ಸಿಪಾಯಿಗಳಲ್ಲಿ. 1855ರಲ್ಲಿ ಪ್ರಷ್ಯಾದ ಸೈನ್ಯದ ವೈದ್ಯ ಬ್ರೈಟ್‌ಹಾಪ್ಟ್, ದೀರ್ಘ ಕವಾಯತಿನ ನಂತರ ಸಿಪಾಯಿಗಳ ಪಾದ ಊದಿಕೊಂಡು ನೋಯುವುದನ್ನು ದಾಖಲಿಸಿದರು. ಪೆಟ್ಟು ಬಿದ್ದಿಲ್ಲ, ಎಡವಿಲ್ಲ, ಕಾರಣ ತಿಳಿಯಲಿಲ್ಲ. 1895ರಲ್ಲಿ ರಾಂಟ್ಜನ್ ಎಕ್ಸ್-ರೇ ಕಂಡುಹಿಡಿದ ಮೇಲೆ, 1897ರಲ್ಲಿ ಅಂಥ ಪಾದಗಳ ಚಿತ್ರ ತೆಗೆದಾಗ ಪಾದದ ಎಲುಬುಗಳಲ್ಲಿ ಬಿರುಕು ಕಂಡಿತು. ಒಂದು ದೊಡ್ಡ ಪೆಟ್ಟಿನಿಂದಲ್ಲ, ಸಾವಿರಾರು ಸಣ್ಣ ಪೆಟ್ಟುಗಳಿಂದ ಆದ ಬಿರುಕು. ಇಂದಿಗೂ ಸೈನ್ಯದ ಹೊಸ ಭರ್ತಿಯವರಲ್ಲಿ, ಹೊಸ ಓಟಗಾರರಲ್ಲಿ ಇದು ಕಾಣಬರುತ್ತದೆ.

ಸ್ನಾಯುವನ್ನು ಎಲುಬಿಗೆ ಕಟ್ಟುವ ಹಗ್ಗದಂಥ ಸ್ನಾಯುರಜ್ಜುಗಳದ್ದೂ ಇದೇ ಕಥೆ. ಹಿಮ್ಮಡಿಯ ಮೇಲೆ ಕೈಗೆ ಸಿಗುವ, ಅಕಿಲಿಸ್ ಎಂದು ಹೆಸರಾದ ದಪ್ಪ ರಜ್ಜು ಪ್ರತಿ ಹೆಜ್ಜೆಗೂ ಸ್ಪ್ರಿಂಗಿನಂತೆ ಹಿಗ್ಗಿ ಕುಗ್ಗಿ ಶಕ್ತಿಯನ್ನು ಉಳಿಸಿಕೊಡುತ್ತದೆ. ಸ್ನಾಯುವಿನಲ್ಲಿರುವಷ್ಟು ರಕ್ತಸಂಚಾರ ಇದರಲ್ಲಿಲ್ಲ. ಹಾಗಾಗಿ ಅದು ಬಲಗೊಳ್ಳುವುದೂ ನಿಧಾನ, ವಾಸಿಯಾಗುವುದೂ ನಿಧಾನ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಇಲ್ಲಿ ಅಕ್ಷರಶಃ ಪಾಲಿಸಬೇಕು.

ಪಟ್ಟಿಗೆ ತಿಳಿಯದ ಸಂಗತಿ

ಹಾಗಾದರೆ ದೂರವನ್ನು ನಿಧಾನವಾಗಿ ಹೆಚ್ಚಿಸಿದರೆ ಸಾಕಲ್ಲವೇ? ವಾರಕ್ಕೆ ಶೇಕಡಾ ಹತ್ತಕ್ಕಿಂತ ಹೆಚ್ಚಿಸಬಾರದೆಂಬ ನಿಯಮ ಓಟಗಾರರಲ್ಲಿ ಬಹುಕಾಲದಿಂದ ಪ್ರಚಲಿತ. ನೆದರ್‌ಲೆಂಡ್ಸಿನ ಗ್ರೊನಿಂಗನ್ ನಗರದಲ್ಲಿ ನಡೆಯುವ ನಾಲ್ಕು ಮೈಲಿ ರಸ್ತೆ ಓಟಕ್ಕೆ ತಯಾರಾಗುತ್ತಿದ್ದ 532 ಹೊಸಬರ ಮೇಲೆ ಇದನ್ನು ಪರೀಕ್ಷಿಸಲಾಯಿತು. ಒಂದು ಗುಂಪಿಗೆ ಶೇ. 10ರ ನಿಯಮದಂತೆ ಹದಿಮೂರು ವಾರದ ಕ್ರಮ, ಇನ್ನೊಂದಕ್ಕೆ ಸಾಮಾನ್ಯ ಎಂಟು ವಾರದ ಕ್ರಮ. 2008ರಲ್ಲಿ ಪ್ರಕಟವಾದ ಫಲಿತಾಂಶ ಅನೇಕರಿಗೆ ಅಚ್ಚರಿ ತಂದಿತು. ಮೊದಲ ಗುಂಪಿನಲ್ಲಿ ಶೇ. 20.8 ಮಂದಿಗೆ ಗಾಯವಾಗಿತ್ತು, ಎರಡನೆಯದರಲ್ಲಿ ಶೇ. 20.3 ಮಂದಿಗೆ. ವ್ಯತ್ಯಾಸವೇ ಇಲ್ಲ; ಎರಡರಲ್ಲೂ ಐವರಲ್ಲಿ ಒಬ್ಬರು.

ನಿಧಾನಕ್ಕೆ ಅರ್ಥವಿಲ್ಲವೆಂದು ಇದರಿಂದ ತಿಳಿಯಬೇಕಾಗಿಲ್ಲ. ಕಾಗದದ ಮೇಲಿನ ಪಟ್ಟಿ ಎಷ್ಟೇ ಎಚ್ಚರಿಕೆಯಿಂದ ಬರೆದದ್ದಾಗಿರಲಿ, ಯಾರ ಎಲುಬು ಎಷ್ಟು ಗಟ್ಟಿ, ಯಾರು ಇಪ್ಪತ್ತು ವರ್ಷ ಕುರ್ಚಿ ಬಿಟ್ಟು ಏಳಲಿಲ್ಲ, ಯಾರು ನಿನ್ನೆ ರಾತ್ರಿ ನಿದ್ದೆಗೆಟ್ಟರು ಎಂಬುದು ಅದಕ್ಕೆ ತಿಳಿಯದು. ಅದನ್ನು ತಿಳಿಸುವುದು ನೋವು. ಆದ್ದರಿಂದ ಹೊಸಬರು ಕಲಿಯಬೇಕಾದ ಮೊದಲ ವಿದ್ಯೆ ನೋವಿನ ಭಾಷೆ.

ಓಡಿದ ಮರುದಿನ ಎರಡೂ ತೊಡೆಗಳಲ್ಲಿ, ಮೀನಖಂಡಗಳಲ್ಲಿ ಹರಡಿಕೊಂಡ ಮಂದ ನೋವು ಸಹಜ. ಇದಕ್ಕೆ ಲ್ಯಾಕ್ಟಿಕ್ ಆಮ್ಲ ಕಾರಣವೆಂಬ ಹಳೆಯ ನಂಬಿಕೆ ಸರಿಯಲ್ಲ. ಲ್ಯಾಕ್ಟೇಟ್ ಓಟ ಮುಗಿದ ಒಂದೆರಡು ಗಂಟೆಗಳೊಳಗೇ ಕರಗಿಹೋಗುತ್ತದೆ. ಅಭ್ಯಾಸವಿಲ್ಲದ ಸ್ನಾಯುತಂತುಗಳಲ್ಲಿ ಆದ ಸೂಕ್ಷ್ಮ ಹಾನಿಯೇ ಈ ನೋವಿನ ಮೂಲ. ಎರಡು ಮೂರು ದಿನಗಳಲ್ಲಿ ತಾನಾಗಿ ಹೋಗುತ್ತದೆ. ಆದರೆ ಒಂದೇ ಕಾಲಿನಲ್ಲಿ, ಒಂದೇ ಬೆರಳಿನಿಂದ ತೋರಿಸಬಹುದಾದ ಜಾಗದಲ್ಲಿ, ಓಡಿದಷ್ಟೂ ಹೆಚ್ಚಾಗುವ ನೋವು ಬೇರೆ ಜಾತಿಯದು. ಎಲುಬಿನ ಮೇಲೆ ಒತ್ತಿದರೆ ಚುಳ್ಳೆನ್ನುವುದು, ರಾತ್ರಿ ಮಲಗಿದಾಗಲೂ ನೋಯುವುದು, ನಡಿಗೆಯೇ ಕುಂಟುವಂತಾಗುವುದು, ಇವು ಓಟ ನಿಲ್ಲಿಸಿ ವೈದ್ಯರನ್ನು ಕಾಣಬೇಕೆಂಬ ಸೂಚನೆಗಳು. ನೋವಿನ ಮಾತ್ರೆ ನುಂಗಿ ಓಡುವುದೆಂದರೆ ಬೆಂಕಿಯ ಎಚ್ಚರಿಕೆ ಗಂಟೆಗೆ ಬಟ್ಟೆ ಸುತ್ತಿದಂತೆ. ಈಗ ಎರಡು ವಾರ ಬಿಟ್ಟವರು ಮತ್ತೆ ಓಡಬಹುದು; ಹಟದಿಂದ ಓಡಿ ಬಿರುಕು ದೊಡ್ಡದಾದರೆ ತಿಂಗಳುಗಟ್ಟಲೆ ಕೂರಬೇಕಾಗುತ್ತದೆ.

‘ಓಡಿದರೆ ಮಂಡಿ ಸವೆಯುತ್ತದೆ’ ಎಂಬ ಭಯ ಮಾತ್ರ ಬೇಡ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಹವ್ಯಾಸಕ್ಕಾಗಿ ಓಡುವವರಲ್ಲಿ ಮಂಡಿ ಮತ್ತು ಸೊಂಟದ ಸಂಧಿವಾತ ಕಂಡದ್ದು ಶೇ. 3.5 ಮಂದಿಯಲ್ಲಿ, ಓಡದೆ ಕುಳಿತವರಲ್ಲಿ ಶೇ. 10.2 ಮಂದಿಯಲ್ಲಿ.

ಬೂಟು, ಬೀದಿ, ಬಿಸಿಲು

ಬೂಟಿಗೆ ಹೆಚ್ಚು ದುಡ್ಡು ಸುರಿಯಬೇಕಾಗಿಲ್ಲ. ಹೆಬ್ಬೆರಳ ಮುಂದೆ ಒಂದು ಬೆರಳಿನಷ್ಟು ಜಾಗವಿರಬೇಕು, ಹಿಮ್ಮಡಿ ಜಾರಬಾರದು, ಹಾಕಿಕೊಂಡ ಮೊದಲ ನಿಮಿಷದಿಂದಲೇ ಹಿತವೆನಿಸಬೇಕು. ಸಂಜೆ ಪಾದ ಸ್ವಲ್ಪ ಊದಿರುವುದರಿಂದ ಆ ಹೊತ್ತಿನಲ್ಲಿ ಕೊಳ್ಳುವುದು ಲೇಸು. ಇಥಿಯೋಪಿಯಾದ ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಲ್ಲಿ ಗೆದ್ದದ್ದು ನಿಜ. ಆದರೆ ಚಪ್ಪಲಿ ಬೂಟುಗಳಲ್ಲೇ ಬೆಳೆದ ಪಾದ ಒಮ್ಮೆಲೇ ಅದನ್ನು ಅನುಕರಿಸಿದರೆ ಮೀನಖಂಡ ಮತ್ತು ಪಾದದ ಎಲುಬು ದಂಡ ತೆರಬೇಕಾಗುತ್ತದೆ.

ಮೈದಾನದಿಂದ ರಸ್ತೆಗೆ ಇಳಿದಾಗ ಬಲಬದಿಯಲ್ಲಿ, ಎದುರಿನಿಂದ ಬರುವ ವಾಹನ ಕಣ್ಣಿಗೆ ಬೀಳುವಂತೆ ಓಡಬೇಕು. ಮಳೆನೀರು ಹರಿದುಹೋಗಲೆಂದು ರಸ್ತೆಯ ಅಂಚು ಚರಂಡಿಯ ಕಡೆಗೆ ಇಳಿಜಾರಾಗಿರುತ್ತದೆ. ಆ ಇಳಿಜಾರಿನಲ್ಲೇ ದಿನವೂ ಓಡಿದರೆ ಒಂದು ಕಾಲಿಗೆ ಹೆಚ್ಚು ಶ್ರಮ. ಬೀದಿನಾಯಿ ಬೆನ್ನಟ್ಟಿದರೆ ವೇಗ ಹೆಚ್ಚಿಸುವುದು ತಪ್ಪು. ನಿಂತು, ಅದರ ಕಣ್ಣಲ್ಲಿ ಕಣ್ಣಿಡದೆ, ಮೆಲ್ಲಗೆ ನಡೆದು ದಾಟಬೇಕು. ಇನ್ನು ‘ಏನ್ ಸಾರ್, ಬಸ್ ತಪ್ಪಿಹೋಯ್ತಾ?’ ಎಂದು ಕೇಳುವ ನೆರೆಯವರಿಗೆ ನಕ್ಕು ಮುಂದೆ ಹೋಗುವುದೇ ಮದ್ದು. ಉತ್ತರ ಕೊಡಲು ಉಸಿರು ಉಳಿದಿದ್ದರೆ ವೇಗ ಸರಿಯಾಗಿದೆಯೆಂದೂ ಅರ್ಥ!

ಬಿಸಿಲನ್ನು ಹಗುರವಾಗಿ ಕಾಣುವಂತಿಲ್ಲ. ಒಂದು ಕಿಲೋಮೀಟರ್ ಓಡಲು ದೇಹದ ತೂಕದ ಪ್ರತಿ ಕಿಲೋಗೆ ಸುಮಾರು ಒಂದು ಕಿಲೋಕ್ಯಾಲರಿ ಬೇಕು. 70 ಕಿಲೋ ತೂಕದವರು ಐದು ಕಿ.ಮೀ. ಓಡಿದರೆ ಸುಮಾರು 350 ಕಿಲೋಕ್ಯಾಲರಿ. ಇದರಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚು ಶಾಖವಾಗಿ ಹೊರಹೋಗಬೇಕು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಒಯ್ಯುತ್ತದೆ. ಆದರೆ ಮಂಗಳೂರಿನ ತೇವದ ಗಾಳಿಯಲ್ಲಿ ಬೆವರು ಆವಿಯಾಗದೆ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಬೆವರು ತಂಪು ಮಾಡುವುದಿಲ್ಲ. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ಸೂರ್ಯ ಏಳುವ ಮೊದಲೇ ಅಭ್ಯಾಸ ಮುಗಿಯಬೇಕು. ಸೆಖೆಗೆ ದೇಹ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಹಿಡಿಯುತ್ತದೆ. ಬಾಯಾರಿದಾಗ ನೀರು ಕುಡಿದರೆ ಸಾಕು. ಇಷ್ಟು ಕಡಿಮೆ ದೂರಕ್ಕೆ ಬಾಟಲಿಗಟ್ಟಲೆ ನೀರೂ ಬೇಡ, ಬಣ್ಣದ ಪಾನೀಯವೂ ಬೇಡ.

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗ ಇರುವವರು, ಮನೆತನದಲ್ಲಿ ಎಳೆ ವಯಸ್ಸಿನ ಹೃದಯಾಘಾತ ಕಂಡವರು ಮೊದಲು ವೈದ್ಯರನ್ನು ಕಾಣಬೇಕು. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಓಡುವಾಗ ಸಕ್ಕರೆ ಅಂಶ ದಿಢೀರನೆ ಇಳಿಯುವ ಅಪಾಯವಿದೆ. ಓಡುವಾಗ ಎದೆಯಲ್ಲಿ ಬಿಗಿತ, ಎಡತೋಳಿಗೋ ದವಡೆಗೋ ಹರಡುವ ನೋವು, ತಲೆ ಸುತ್ತು ಬಂದರೆ ಅದು ಹಟ ಮಾಡುವ ಹೊತ್ತಲ್ಲ. ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ವಾರಗಳು ಕಳೆದರೂ ಏದುಸಿರು ಇಳಿಯದ ಹೆಣ್ಣುಮಕ್ಕಳು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಆಮ್ಲಜನಕ ಸಾಗಿಸುವ ಗಾಡಿಯೇ ಇಲ್ಲದಿದ್ದರೆ ಅಭ್ಯಾಸವೊಂದೇ ಏನು ಮಾಡೀತು?

ಓಟದ ದಿನ

ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ 10 ಕಿ.ಮೀ. ಅಂತರರಾಷ್ಟ್ರೀಯ ರಸ್ತೆ ಓಟದ ದಿನ ವಿಶ್ವದ ಘಟಾನುಘಟಿಗಳ ಜೊತೆಗೆ ಸಾವಿರಾರು ಸಾಮಾನ್ಯರು ಬೀದಿಗಿಳಿಯುತ್ತಾರೆ. ಅದಕ್ಕಿಂತ ಕಡಿಮೆ ದೂರದ ‘ಮಜಾ ರನ್’ ಕೂಡ ಅದರ ಜೊತೆಗೇ ನಡೆಯುತ್ತ ಬಂದಿದೆ. ಲಂಡನ್ನಿನ ಬುಷಿ ಪಾರ್ಕಿನಲ್ಲಿ 2004ರ ಅಕ್ಟೋಬರ್ 2ರಂದು ಕೇವಲ ಹದಿಮೂರು ಮಂದಿ ಓಡಿ ಶುರುಮಾಡಿದ ಐದು ಕಿಲೋಮೀಟರಿನ ಶನಿವಾರದ ಓಟ, ‘ಪಾರ್ಕ್‌ರನ್’ ಹೆಸರಿನಲ್ಲಿ ಹಲವು ದೇಶಗಳಿಗೆ ಹಬ್ಬಿತು. ದೊಡ್ಡದಿರಲಿ ಚಿಕ್ಕದಿರಲಿ, ಇಂಥ ಓಟಗಳಲ್ಲಿ ಬಹುಪಾಲು ಜನ ಬರುವುದು ಗೆಲ್ಲಲಿಕ್ಕಲ್ಲ, ಮುಗಿಸಲಿಕ್ಕೆ.

ಗೆಲ್ಲುವವರ ವೇಗ ಎಂಥದೆಂದು ತಿಳಿದರೆ ಪೈಪೋಟಿಯ ಆಸೆ ತಾನಾಗಿ ಅಡಗುತ್ತದೆ. ಉಗಾಂಡಾದ ಜೋಶುವಾ ಚೆಪ್ಟೆಗೈ 2020ರಲ್ಲಿ ಮೊನಾಕೊದ ಟ್ರ್ಯಾಕಿನಲ್ಲಿ 5,000 ಮೀಟರನ್ನು 12 ನಿಮಿಷ 35.36 ಸೆಕೆಂಡುಗಳಲ್ಲಿ ಓಡಿದರು. ಅಂದರೆ ನೂರು ಮೀಟರಿಗೆ ಸುಮಾರು 15 ಸೆಕೆಂಡು. ಶಾಲೆಯ ಕ್ರೀಡಾಕೂಟದಲ್ಲಿ ಒಂದು ಸಲ ಹಾಗೆ ಓಡಿದ ಹುಡುಗನಿಗೆ ಚಪ್ಪಾಳೆ ಸಿಗುತ್ತದೆ. ಚೆಪ್ಟೆಗೈ ಅಂಥ ಐವತ್ತು ಓಟಗಳನ್ನು ನಡುವೆ ನಿಲ್ಲದೆ ಓಡಿದರು.

ಓಟದ ಹಿಂದಿನ ವಾರ ಅಭ್ಯಾಸ ಕಡಿಮೆ ಮಾಡಬೇಕು. ಕೊನೆಗಳಿಗೆಯ ಓದಿನಂತೆ ಕೊನೆಗಳಿಗೆಯ ಓಟದಿಂದಲೂ ಲಾಭವಿಲ್ಲ. ಆ ದಿನ ಹೊಸ ಬೂಟು, ಹೊಸ ತಿಂಡಿ ಯಾವುದನ್ನೂ ಪ್ರಯೋಗಿಸಬಾರದು. ಒಂದೆರಡು ಗಂಟೆ ಮೊದಲು ಒಂದು ಬಾಳೆಹಣ್ಣೋ ಎರಡು ಇಡ್ಲಿಯೋ ಸಾಕು. ಎಲ್ಲಕ್ಕಿಂತ ಹೆಚ್ಚಿನ ಅಪಾಯ ಮೊದಲ ಕಿಲೋಮೀಟರಿನದು. ಡೋಲು, ಧ್ವನಿವರ್ಧಕ, ಪಕ್ಕದಲ್ಲಿ ನುಗ್ಗುವ ಕಾಲೇಜು ಹುಡುಗರು. ಹದಿಮೂರು ವಾರ ನಿಧಾನ ಕಲಿತವರು ಎರಡು ನಿಮಿಷದಲ್ಲಿ ಅದನ್ನೆಲ್ಲ ಮರೆಯುವುದು ಅಲ್ಲಿಯೇ. ಗುಂಪಿನ ಹಿಂಭಾಗದಲ್ಲಿ ನಿಂತು, ಅಭ್ಯಾಸದ ವೇಗಕ್ಕಿಂತ ಸ್ವಲ್ಪ ನಿಧಾನವಾಗಿಯೇ ಹೊರಟವರು, ಮೂರನೆಯ ಕಿಲೋಮೀಟರಿನಲ್ಲಿ ಆ ಹುಡುಗರಲ್ಲಿ ಕೆಲವರನ್ನು ಸೊಂಟದ ಮೇಲೆ ಕೈಯಿಟ್ಟು ನಿಂತಿರುವಾಗ ಕಾಣುತ್ತಾರೆ. ನಡುವೆ ಒಂದೆರಡು ನಿಮಿಷ ನಡೆದರೆ ಯಾವ ನಿಯಮವೂ ಮುರಿಯುವುದಿಲ್ಲ.

ನಲವತ್ತು ನಿಮಿಷವೋ ನಲವತ್ತೈದೋ ಕಳೆದು ಗುಮಾಸ್ತರು ಗೆರೆ ದಾಟುತ್ತಾರೆ. ಕೊರಳಿಗೊಂದು ಪದಕ, ಕೈಗೊಂದು ಉಪ್ಪಿಟ್ಟಿನ ಪೊಟ್ಟಣ. ‘ಮುಂದಿನ ತಿಂಗಳೇ ಹತ್ತು ಕಿಲೋಮೀಟರ್ ಓಡಿಬಿಡೋಣ’ ಎಂಬ ಆಸೆ ಆ ಕ್ಷಣದಲ್ಲೇ ಮೊಳೆಯುತ್ತದೆ. ಉಸಿರು ಬೇಗನೆ ಒಪ್ಪಿಬಿಡುತ್ತದೆ. ಆದರೆ ಐದನೆಯ ವಾರದಲ್ಲಿ ಕಣಕಾಲಿನ ಎಲುಬಿನೊಳಗೆ ಆರಂಭವಾದ ದುರಸ್ತಿ ಕಾಮಗಾರಿ ಇನ್ನೂ ಮುಗಿದಿಲ್ಲ. ಮೇಸ್ತ್ರಿ ಇನ್ನೂ ಗಾರೆ ತುಂಬುತ್ತಿದ್ದಾನೆ. ಅವನನ್ನು ಒಂದು ಮಾತು ಕೇಳಿ ಮುಂದಿನ ಓಟಕ್ಕೆ ಹೆಸರು ಕೊಡುವುದು ಒಳ್ಳೆಯದು.